ಪದೇ ಪದೇ ಕಡಿಯುವ ಅಂತರ್ಜಾಲ: ದೋಷವೆಲ್ಲಿದೆ?

ದೂರದೇಶದ ಮಗಳೊಡನೆ ತಾಯಿ ಮಾತನಾಡುತ್ತಿರುವಾಗಲೇ ತೆರೆಯ ಮೇಲಿನ ಮುಖ ಸ್ತಬ್ಧವಾಗುತ್ತದೆ. ಮೊಮ್ಮಗನ ಪಾಠವೂ ಅರ್ಧಕ್ಕೆ ನಿಲ್ಲುತ್ತದೆ. ಕೇಬಲ್ ಮೋಡೆಮ್ ಇರುವ ಅನೇಕ ಮನೆಗಳ ಬವಣೆಯಿದು. ಹೊಸ ಮೋಡೆಮ್ ಕೊಳ್ಳುವ ಮುನ್ನ ಗೃಹಸ್ಥರು ಕೆಲವು ಸಂಗತಿಗಳನ್ನು ಪರೀಕ್ಷಿಸುವುದು ಲೇಸು.

ಸಂಪರ್ಕ ಕಡಿದಾಗ ಮೊದಲು ಮೋಡೆಮ್‌ನ ದೀಪಗಳನ್ನು ಗಮನಿಸಬೇಕು. ಆನ್‌ಲೈನ್ ದೀಪ ಸ್ಥಿರವಾಗಿದ್ದರೆ ದೋಷ ವೈ-ಫೈಯಲ್ಲಿರುವ ಸಂಭವವೇ ಹೆಚ್ಚು. ಕಂಪ್ಯೂಟರನ್ನು ತಂತಿಯಿಂದ ನೇರವಾಗಿ ಜೋಡಿಸಿದರೆ ನಿಜ ತಿಳಿಯುತ್ತದೆ. ದೀಪ ಮಿನುಗತೊಡಗಿದರೆ ಕೇಬಲ್ ಮಾರ್ಗವನ್ನೇ ಶಂಕಿಸಬೇಕು.

ಕೇಬಲನ್ನು ಟಿ.ವಿ.ಗೂ ಮೋಡೆಮ್‌ಗೂ ಹಂಚುವ ಸ್ಪ್ಲಿಟರ್ ಪ್ರತಿ ಕವಲಿನಲ್ಲಿ ಸುಮಾರು 3.5 ಡೆಸಿಬೆಲ್ ಶಕ್ತಿಯನ್ನು ಕುಗ್ಗಿಸುತ್ತದೆ. ಅಂತಹ ಎರಡನ್ನು ದಾಟಿದರೆ ಉಳಿಯುವುದು ಐದರಲ್ಲಿ ಒಂದು ಪಾಲು ಮಾತ್ರ. ಮೋಡೆಮ್ ಮರಳಿ ಕಳುಹಿಸುವ ಸಂಕೇತಕ್ಕೂ ಇದೇ ನಷ್ಟ. ಅದನ್ನು ತುಂಬಲು ಅದು ತನ್ನ ಶಕ್ತಿಯನ್ನು ಏರಿಸುತ್ತ ಹೋಗಿ, ಮಿತಿ ತಲುಪಿದಾಗ ಸೋಲುತ್ತದೆ. ಆದುದರಿಂದ ಅನಗತ್ಯ ಸ್ಪ್ಲಿಟರ್‌ಗಳನ್ನು ತೆಗೆದು, ಮೋಡೆಮ್‌ಗೆ ಮೊದಲ ಕವಲನ್ನೇ ಕೊಡಬೇಕು.

ಸಡಿಲಾದ ತಿರುಪುಜೋಡಣೆಗಳ ಮೂಲಕ ಹೊರಗಿನ ವಿದ್ಯುತ್ ಗದ್ದಲ ಒಳನುಗ್ಗುತ್ತದೆ. ನೀರು ಹೊಕ್ಕರೆ ತುಕ್ಕು ಹಿಡಿಯುತ್ತದೆ. ಮಳೆಯಲ್ಲಿ ಮಾತ್ರ ಸಂಪರ್ಕ ಕಡಿಯುವುದು ಇದರ ಸುಳಿವು. ಬಹುತೇಕ ಮೋಡೆಮ್‌ಗಳಲ್ಲಿ 192.168.100.1 ವಿಳಾಸವನ್ನು ತೆರೆದರೆ ಸಂಕೇತದ ಬಲವೂ ದೋಷಗಳ ದಾಖಲೆಯೂ ಕಾಣುತ್ತವೆ.

ಸಂಪರ್ಕ ಕಡಿದ ದಿನ, ವೇಳೆ, ಹವೆಗಳನ್ನು ಒಂದು ವಾರ ಬರೆದಿಡಿ. ಮನೆಯ ಹೊರಗಿನ ಕೇಬಲನ್ನು ಮುಟ್ಟದೆ, ಆ ಬರಹವನ್ನು ತಂತ್ರಜ್ಞರ ಮುಂದಿಡಿ. ಬರಿಯ ದೂರಿಗಿಂತ ದಾಖಲೆಗೆ ಬೆಲೆ ಹೆಚ್ಚು.