ಅಸ್ಥಿಗೆ ಹೆಸರು ಹುಡುಕುವ ವಿದ್ಯೆ

ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಬೆಟ್ಟಗಳಲ್ಲಿ ಉತ್ಖನನ ನಡೆಸಿದ ಎಂ. ಎಸ್. ನಾಗರಾಜರಾಯರು ಮಾನವಶಾಸ್ತ್ರಜ್ಞರಾದ ಕೆ. ಸಿ. ಮಲ್ಹೋತ್ರರೊಡಗೂಡಿ 1965ರಲ್ಲಿ ಪ್ರಕಟಿಸಿದ ಗ್ರಂಥದಿಂದ, ನವಶಿಲಾಯುಗದ ಆ ಜನರು ಶಿಶುಗಳನ್ನು ಮಡಕೆಯಲ್ಲಿಟ್ಟು, ದೊಡ್ಡವರನ್ನು ನೀಳವಾಗಿ ಮಲಗಿಸಿ ಹೂಳುತ್ತಿದ್ದರೆಂದು ತಿಳಿದುಬರುತ್ತದೆ. ಮೂರೂವರೆ ಸಾವಿರ ವರ್ಷಗಳಾಚೆಯ ಅಸ್ಥಿಯೂ ತಾನು ಗಂಡೋ ಹೆಣ್ಣೋ, ಎಳೆಯದೋ ಮುಪ್ಪಿನದೋ ಎಂಬುದನ್ನು ಬಲ್ಲವರಿಗೆ ಹೇಳೀತು; ಹೆಸರನ್ನು ಮಾತ್ರ ಹೇಳಲಾರದು.

ಇದೇ ವಿದ್ಯೆಯನ್ನು ನ್ಯಾಯದ ಕಾರ್ಯಕ್ಕೆ ತೊಡಗಿಸಿದಾಗ ಹೆಸರೇ ಮುಖ್ಯವಾಗುತ್ತದೆ. ಹೊಲದಲ್ಲೋ ಕಾಲುವೆಯ ದಂಡೆಯಲ್ಲೋ ಸಿಕ್ಕ ಮೂಳೆಗಳನ್ನು ಪೊಲೀಸರು ಪಂಚನಾಮೆ ಮಾಡಿ ಕಳುಹಿಸಿದರೆ, ನ್ಯಾಯವೈದ್ಯರು ಮೊದಲು ನೋಡುವುದು ಅವು ಮನುಷ್ಯನವೋ ದನಕುರಿಗಳವೋ ಎಂಬುದನ್ನು. ಬಳಿಕ, ಹೆಣ್ಣಿನಲ್ಲಿ ಅಗಲವಾಗಿಯೂ ಗಂಡಿನಲ್ಲಿ ಇಕ್ಕಟ್ಟಾಗಿಯೂ ಇರುವ ಶ್ರೋಣಿಯ ಕೋನದಿಂದ ಲಿಂಗವನ್ನೂ, ಇಪ್ಪತ್ತು ದಾಟಿದ ಮೇಲೆ ಪೂರ್ತಿಯಾಗಿ ಬೆಸೆದುಕೊಳ್ಳುವ ಕೊರಳೆಲುಬಿನ ಒಳತುದಿಯಿಂದ ತಾರುಣ್ಯದ ಮಿತಿಯನ್ನೂ, ತೊಡೆಯೆಲುಬಿನ ಉದ್ದದಿಂದ ಎತ್ತರವನ್ನೂ ಅಂದಾಜು ಮಾಡುತ್ತಾರೆ. ಆದರೆ 1952ರಲ್ಲಿ ಟ್ರಾಟರ್ ಮತ್ತು ಗ್ಲೆಸರ್ ಅಮೆರಿಕದವರ ಮೂಳೆಗಳನ್ನಳೆದು ಕಟ್ಟಿದ ಸೂತ್ರವನ್ನು ನಮ್ಮ ಸೀಮೆಯ ರೈತನಿಗೆ ಹಾಗೆಯೇ ಅನ್ವಯಿಸುವುದು, ಪರರ ಅಂಗಿಯನ್ನು ತೊಡಿಸಿ ಅಳತೆ ಸರಿಯೆಂದಂತೆ. ಆಯಾ ನಾಡಿನ ಜನಕ್ಕೆ ಅದರದೇ ಗಣಿತ ಬೇಕು.

ಇಷ್ಟಾದರೂ ದೊರೆಯುವುದು 'ಮೂವತ್ತರ ಆಸುಪಾಸಿನ, ಐದೂವರೆ ಅಡಿಯ ಗಂಡಸು' ಎಂಬ ವರ್ಣನೆಯೇ. ಅಂಥವರು ಊರಿಗೆ ನೂರು ಮಂದಿ. ನೂರರಲ್ಲಿ ಒಬ್ಬನನ್ನು ಬೇರ್ಪಡಿಸುವುದು ಆಸ್ಪತ್ರೆಯ ಕಡತ. ಮುರಿದ ಕಾಲಿಗೆ ಕೂರಿಸಿದ ಪ್ಲೇಟಿನ ಮೇಲಣ ಸಂಖ್ಯೆ, ಹಲ್ಲಿಗೆ ತೊಡಿಸಿದ ಟೋಪಿ, ಒಬ್ಬರಿಂದೊಬ್ಬರಿಗೆ ಭಿನ್ನವಾದ ಹಣೆಯೊಳಗಣ ವಾಯುಕುಹರಗಳ ಆಕೃತಿ, ಇವೆಲ್ಲ ಜೀವಂತ ಕಾಲದ ಕಡತ ಅಥವಾ ಎಕ್ಸ್‌-ರೇಯೊಡನೆ ತಾಳೆಯಾದರೆ ಗುರುತು ದೃಢವಾಗುತ್ತದೆ. 1935ರಲ್ಲಿ ಸ್ಕಾಟ್ಲೆಂಡಿನಲ್ಲಿ ದೊರೆತ ರಕ್ಸ್ಟನ್ ಕೊಲೆ ಪ್ರಕರಣದ ದೇಹಗಳ ತಲೆಬುರುಡೆಗೆ ಭಾವಚಿತ್ರವನ್ನು ಹೊಂದಿಸಿ ನೋಡಿದ್ದು ಪ್ರಸಿದ್ಧವೇ. ಇಂದು ಡಿ.ಎನ್.ಎ. ಇದೆ, ನಿಜ, ಆದರೆ ಹೋಲಿಸಲು ಬಂಧುಗಳ ರಕ್ತ ಬೇಕಾದರೆ, ಯಾರ ಬಂಧುಗಳೆಂದು ಮೊದಲು ಊಹಿಸಬೇಕಷ್ಟೆ!

ನಮ್ಮಲ್ಲಿನ ಕೊರತೆ ವಿದ್ಯೆಯದಕ್ಕಿಂತ ದಾಖಲೆಯದು. ಹಲ್ಲು ಕೀಳಿಸಿಕೊಂಡವರ ಚೀಟಿ ಮನೆ ಸೇರುವ ಮೊದಲೇ ಕಳೆದಿರುತ್ತದೆ. ಬಳ್ಳಾರಿಯ ಗಾಂಧಿನಗರದಲ್ಲಾಗಲಿ ಕುರುಗೋಡಿನಲ್ಲಾಗಲಿ ಬೀರುವಿನ ಮೇಲೆ ಹಳೆಯ ಎಕ್ಸ್‌-ರೇ ಉಳ್ಳವರು ಅದನ್ನು ರದ್ದಿಗೆ ಹಾಕದಿರಲಿ. ಮನೆಯವರು ಕಾಣೆಯಾದರೆ ದೂರಿನ ಜೊತೆಗೆ ಅದನ್ನೂ ಠಾಣೆಗೆ ಒಯ್ಯಲಿ.