ಊರಿಂದ ಅಮ್ಮ ಮಸ್ಕತ್‌ಗೆ ಬರುವ ಮೊದಲು

ನವೆಂಬರ್ ಹತ್ತಿರ ಬಂತು ಅಂದರೆ ರೂವಿಯ ನಮ್ಮ ಕಟ್ಟಡದಲ್ಲಿ ಒಂದೇ ಸುದ್ದಿ. ಯಾರ ಅಮ್ಮ ಬರುತ್ತಾರೆ, ಯಾರ ಅತ್ತೆ-ಮಾವ ಬರುತ್ತಾರೆ, ಟಿಕೆಟ್ ಎಷ್ಟಕ್ಕೆ ಸಿಕ್ಕಿತು. ನಾನು ಅಕೌಂಟೆಂಟ್ ಆದ್ದರಿಂದ ಎಲ್ಲ ಲೆಕ್ಕವೂ ನನಗೆ ಗೊತ್ತಿರುತ್ತದೆ ಅಂತ ಜನರ ನಂಬಿಕೆ. ಲಿಫ್ಟ್‌ನಲ್ಲಿ ನಿಲ್ಲಿಸಿ ವೀಸಾ, ಬಂಗಾರ, ಮಾತ್ರೆ ಎಲ್ಲವನ್ನೂ ಕೇಳುತ್ತಾರೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಒಮ್ಮೆ ಬರೆದುಬಿಡೋಣ ಅನ್ನಿಸಿತು. ಇದರಲ್ಲಿ ಅರ್ಧ ನಾನೇ ತಪ್ಪು ಮಾಡಿ ಕಲಿತದ್ದು.

ಮೊದಲು ಯಾವಾಗ ಕರೆಸುವುದು ಅನ್ನೋದು. ಊರಲ್ಲಿ ಮಕ್ಕಳಿಗೆ ರಜೆ ಅಂತ ಏಪ್ರಿಲ್-ಮೇಯಲ್ಲಿ ಕರೆಸುವವರಿದ್ದಾರೆ. ದಯವಿಟ್ಟು ಬೇಡ. ಮೇ ತಿಂಗಳ ಮಸ್ಕತ್ ಬಿಸಿಲಲ್ಲಿ ಅರವತ್ತೈದು ದಾಟಿದವರನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ? ಬಿಸಿಲಿನ ಕೆಲಸಗಾರರಿಗೇ ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರ ತನಕ ಹೊರಗಿನ ಕೆಲಸ ಮಾಡಿಸಬಾರದು ಅಂತ ಸರ್ಕಾರದ ಕಾನೂನು ಇದೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ರಂಜಾನ್ ಯಾವಾಗ ಬರುತ್ತದೆ ಅಂತ ಮಾತ್ರ ನೋಡಿಕೊಳ್ಳಿ, ಅದು ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದೆ ಸರಿಯುತ್ತದೆ. ರಂಜಾನ್‌ನಲ್ಲಿ ಬಂದರೆ ತಪ್ಪೇನಿಲ್ಲ, ಸಂಜೆಯ ಹೊತ್ತು ನೋಡಲು ಚೆಂದ. ಆದರೆ ಹಗಲಲ್ಲಿ ದಾರಿಯಲ್ಲಿ ನಿಂತು ನೀರು ಕುಡಿಯುವುದೂ ಇಲ್ಲಿ ಶಿಕ್ಷೆ ಆಗುವ ಅಪರಾಧ. ಸಕ್ಕರೆ ಕಾಯಿಲೆ ಇರುವ ಅಪ್ಪನಿಗೆ ಹನ್ನೊಂದು ಗಂಟೆಗೆ ಬಿಸ್ಕತ್ ತಿನ್ನಲೇಬೇಕು ಅಂದರೆ ಮನೆಯೊಳಗೆ ಇರುವ ಹಾಗೆ ನೋಡಿಕೊಳ್ಳಬೇಕಾಗುತ್ತದೆ.

ಇನ್ನು ವೀಸಾ. ರಾಯಲ್ ಒಮಾನ್ ಪೊಲೀಸ್ ವೆಬ್‌ಸೈಟ್‌ನಲ್ಲೇ ಅರ್ಜಿ ಹಾಕಬಹುದು. ಟೂರಿಸ್ಟ್ ವೀಸಾದಲ್ಲಿ 10 ದಿನದ್ದು 5 ರಿಯಾಲ್, 30 ದಿನದ್ದು 20 ರಿಯಾಲ್. ಏಜೆಂಟ್ ಇದಕ್ಕಿಂತ ಎಷ್ಟು ಜಾಸ್ತಿ ಕೇಳಿದ ಅಂತ ನೋಡಿದರೆ ಅವನ ಕಮಿಷನ್ ನಿಮಗೇ ಗೊತ್ತಾಗುತ್ತದೆ. ಪಾಸ್‌ಪೋರ್ಟ್‌ಗೆ ಆರು ತಿಂಗಳ ಅವಧಿ ಬಾಕಿ ಇರಬೇಕು.

ನಾನು ಎಡವಿದ್ದು ದಿನದ ಲೆಕ್ಕದಲ್ಲಿ. ಅಮ್ಮ ಮೊದಲ ಸಲ ಬಂದದ್ದು ಜನವರಿ 5ಕ್ಕೆ. ವೀಸಾ ಒಂದು ತಿಂಗಳದ್ದು ತಾನೆ ಅಂತ ಫೆಬ್ರವರಿ 5ಕ್ಕೆ ವಾಪಸ್ ಟಿಕೆಟ್ ಮಾಡಿಸಿದೆ. ವೀಸಾದಲ್ಲಿ ಬರೆದದ್ದು ತಿಂಗಳಲ್ಲ, 30 ದಿನ. ಜನವರಿಗೆ 31 ದಿನ. ಬಂದ ದಿನವನ್ನು ಒಂದು ಅಂತ ಎಣಿಸಿದರೆ ಮೂವತ್ತನೇ ದಿನ ಫೆಬ್ರವರಿ 3. ಅವಧಿ ಮೀರಿದರೆ ದಿನಕ್ಕೆ 10 ರಿಯಾಲ್ ದಂಡ. ಎರಡು ದಿನಕ್ಕೆ 20 ರಿಯಾಲ್, ಅಂದರೆ ನಾಲ್ಕು ಸಾವಿರ ರೂಪಾಯಿಗೂ ಮೇಲೆ, ಕೌಂಟರ್‌ನಲ್ಲಿ ಅಮ್ಮನ ಎದುರೇ ಕಟ್ಟಿದೆ. "ನೀ ಕಾಮರ್ಸ್ ಓದಿದ್ದ್ ಅಲ್ದಾ ಮಗಾ?" ಅಂದರು ಅಮ್ಮ. ಉತ್ತರ ಕೊಡುವ ಹಾಗಿರಲಿಲ್ಲ. ಈಗ ನಾನು ಬಂದ ದಿನವನ್ನೇ ಒಂದನೇ ದಿನ ಅಂತ ಬೆರಳು ಮಡಚಿ ಎಣಿಸುತ್ತೇನೆ, ಮೇಲಿಂದ ಎರಡು ದಿನ ಕೈಯಲ್ಲಿ ಇಟ್ಟುಕೊಂಡು ಟಿಕೆಟ್ ಮಾಡುತ್ತೇನೆ. ರಾತ್ರಿ ಹನ್ನೆರಡರ ಮೇಲೆ ಹೊರಡುವ ವಿಮಾನ ಆದರೆ ತಾರೀಕು ಬದಲಾಗಿರುತ್ತದೆ, ಅದನ್ನೂ ನೋಡಿ.

ವೀಸಾ ಮಾತು ಬಂತು ಅಂತ ಇನ್ನೊಂದು ವಿಷಯ, ಇದು ಅಪ್ಪ-ಅಮ್ಮನದ್ದಲ್ಲ. "ತಮ್ಮನನ್ನು ವಿಸಿಟ್‌ನಲ್ಲಿ ಕರೆಸಿ ಇಲ್ಲೇ ಕೆಲಸಕ್ಕೆ ಬದಲಾಯಿಸೋಣ" ಅಂತ ಈಗಲೂ ಕೇಳುವವರಿದ್ದಾರೆ. ಮೊದಲು ಹಾಗೆ ನಡೆಯುತ್ತಿತ್ತು. ವಿಸಿಟ್ ವೀಸಾವನ್ನು ದೇಶದೊಳಗೇ ಕೆಲಸದ ವೀಸಾ ಮಾಡಿಕೊಡುವುದನ್ನು 2023ರ ಅಕ್ಟೋಬರ್ 31ರಿಂದ ಒಮಾನ್ ನಿಲ್ಲಿಸಿತು. ಊರಲ್ಲಿ ಏಜೆಂಟ್ ಇನ್ನೂ ಹಳೇ ಕಥೆಯನ್ನೇ ಹೇಳುತ್ತಾನೆ. ಮನೆಕೆಲಸಕ್ಕೆ ಅಂತ ಹೆಂಗಸರನ್ನು ವಿಸಿಟ್‌ನಲ್ಲಿ ಕಳಿಸುವುದಂತೂ ಇನ್ನೂ ಕೆಟ್ಟದ್ದು. ಪಾಸ್‌ಪೋರ್ಟ್ ಯಾರದೋ ಕೈಯಲ್ಲಿ, ದಿನಕ್ಕೆ ಹತ್ತು ರಿಯಾಲ್‌ನ ಹಾಗೆ ದಂಡ ಏರುತ್ತಾ ಹೋಗುತ್ತದೆ, ಅವರ ಹೆಸರಲ್ಲಿ ಕೆಲಸದ ಕಾಗದವೇ ಇಲ್ಲ. ನಿಮ್ಮ ಊರಿನ ಯಾರಾದರೂ ಹೀಗೆ ಹೊರಟಿದ್ದಾರೆ ಅಂತ ಕಿವಿಗೆ ಬಿದ್ದರೆ ವಿಮಾನ ಹತ್ತುವ ಮೊದಲೇ ತಡೆಯಿರಿ. ಬಂದಾಗಿದ್ದರೆ ಅಲ್ ಖುವೈರ್‌ನಲ್ಲಿರುವ ಭಾರತದ ರಾಯಭಾರ ಕಚೇರಿಗೆ ತಲುಪಿಸಿ.

ಈಗ ಪೆಟ್ಟಿಗೆ. ನಮ್ಮ ಅಮ್ಮಂದಿರು ಪೆಟ್ಟಿಗೆ ಕಟ್ಟುವುದು ಹೇಗೆ ಅಂತ ಗೊತ್ತಲ್ಲ. ಕುಚ್ಚಲಕ್ಕಿ, ಹಪ್ಪಳ, ಮಿಡಿ ಉಪ್ಪಿನಕಾಯಿ, ತೆಂಗಿನೆಣ್ಣೆ. ರೂವಿಯಲ್ಲಿ ಇದೆಲ್ಲಾ ಸಿಗುತ್ತದೆ ಅಂದರೆ ನಂಬುವುದಿಲ್ಲ. ತರಲಿ ಬಿಡಿ. ಆದರೆ ಎರಡು ವಿಷಯದಲ್ಲಿ ಬಿಗಿಯಾಗಿರಿ. ಒಂದು ಗಸಗಸೆ. ದುಬೈ ಕಡೆಯಿಂದ ವಿಮಾನ ಬದಲಾಯಿಸಿ ಬರುವವರ ಚೀಲದಲ್ಲಿ ಪಾಯಸಕ್ಕೆ ಅಂತ ಇಟ್ಟ ಒಂದು ಮುಷ್ಟಿ ಗಸಗಸೆಯೂ ಮಾದಕ ವಸ್ತುವಿನ ಕೇಸು ಆಗಬಹುದು, ಅಲ್ಲಿ ಅದು ನಿಷೇಧ. ಒಮಾನ್‌ಗೆ ನೇರ ಬಂದರೂ ತರಲೇಬೇಡಿ. ಗಸಗಸೆ ಪಾಯಸ ಊರಿಗೆ ಹೋದಾಗ ಉಂಡರಾಯಿತು.

ಇನ್ನೊಂದು ಮಾತ್ರೆ. ನಮ್ಮಲ್ಲಿ ಬಿ.ಪಿ., ಶುಗರ್ ಮಾತ್ರೆ ಶೀಟಿನಿಂದ ಕತ್ತರಿಸಿ, ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, "ಬೆಳಿಗ್ಗೆ", "ರಾತ್ರಿ" ಅಂತ ಚೀಟಿ ಅಂಟಿಸಿ ತರುವ ಅಭ್ಯಾಸ. ಕಸ್ಟಮ್ಸ್‌ನವರಿಗೆ ಅದು ಹೆಸರಿಲ್ಲದ ಗುಳಿಗೆ, ಅಷ್ಟೇ. ನನ್ನ ಪರಿಚಯದ ಒಬ್ಬರ ತಂದೆ ನಿದ್ದೆ ಮಾತ್ರೆ ಹೀಗೇ ತಂದು ಸುಮಾರು ನಾಲ್ಕು ಗಂಟೆ ಒಳಗೇ ಕೂರಬೇಕಾಯಿತು. ಊರಿನ ಡಾಕ್ಟರ ಚೀಟಿಯ ಫೋಟೋ ವಾಟ್ಸಾಪ್‌ನಲ್ಲಿ ತರಿಸಿ ತೋರಿಸಿದ ಮೇಲೆ ಬಿಟ್ಟರು. ಆ ಮನುಷ್ಯ ಜೀವಮಾನದಲ್ಲಿ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿದವರಲ್ಲ, ಆಮೇಲೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್‌ನಂತಹ ನೋವಿನ ಮಾತ್ರೆ, ಅಲ್ಪ್ರಜೋಲಂ ತರಹದ ನಿದ್ದೆ ಮಾತ್ರೆ, ಇವು ಗಲ್ಫ್‌ನಲ್ಲಿ ಹತೋಟಿಯ ಔಷಧಿ. ಬೇಕೇಬೇಕು ಅಂದರೆ ಡಾಕ್ಟರು ಇಂಗ್ಲಿಷ್‌ನಲ್ಲಿ ಬರೆದು ಸೀಲು ಹಾಕಿದ ಪತ್ರ, ಔಷಧಿ ಅಂಗಡಿ ಬಿಲ್ಲು, ಮೂಲ ಪ್ಯಾಕೆಟ್ ಮೂರೂ ಇರಲಿ, ಉಳಿಯುವ ದಿನಕ್ಕೆ ಎಷ್ಟು ಬೇಕೋ ಅಷ್ಟೇ ತನ್ನಿ. ಪಕ್ಕದ ಮನೆಯವರು "ನಮ್ಮ ಹುಡುಗನಿಗೆ ಕೊಡಿ" ಅಂತ ಕೊಡುವ ಕಟ್ಟನ್ನು ಬಿಚ್ಚಿ ನೋಡದೆ ತರಬಾರದು. ಬೇಜಾರಾದರೆ ಆಗಲಿ.

ಬಂದ ಮೇಲೆ ಮೊದಲ ವಾರ ಕಷ್ಟ. ನಾವು ಬೆಳಿಗ್ಗೆ ಡ್ಯೂಟಿಗೆ ಹೊರಟರೆ ಸಂಜೆಯವರೆಗೆ ನಾಲ್ಕು ಗೋಡೆ. ನಮ್ಮ ಅಮ್ಮ ಬಾಲ್ಕನಿಯಲ್ಲಿ ನಿಂತು, "ಇಲ್ಲಿ ಜನವೇ ಇಲ್ಯಾ?" ಅಂತ ಕೇಳಿದ್ದರು. ಬಾಲ್ಕನಿ ಅಂದಾಗ ನೆನಪಾಯಿತು, ಅವರು ಮಾಡುವ ಮೊದಲ ಕೆಲಸ ಅಲ್ಲಿ ಸೀರೆ ಒಣಗಿಸುವುದು. ರಸ್ತೆಗೆ ಕಾಣುವ ಹಾಗೆ ಬಾಲ್ಕನಿಯಲ್ಲಿ ಬಟ್ಟೆ ಹರಡುವುದಕ್ಕೆ ಮಸ್ಕತ್ ಮುನಿಸಿಪಾಲಿಟಿ ದಂಡ ಹಾಕುತ್ತದೆ. ಬಂದ ದಿನವೇ ಹೇಳಿಬಿಡಿ.

ದೇವರಿಗೆ ಕೈಮುಗಿಯಲು ಜಾಗ ಇದೆಯಾ ಅನ್ನುವುದು ಅವರ ಎರಡನೇ ಪ್ರಶ್ನೆ. ಇದೆ. ದಾರ್‌ಸೈತ್‌ನಲ್ಲಿ ಕೃಷ್ಣ ದೇವಸ್ಥಾನ, ಹಳೇ ಮಸ್ಕತ್‌ನಲ್ಲಿ ಸುಲ್ತಾನರ ಅಲಂ ಅರಮನೆಯ ಹತ್ತಿರ ಶಿವನ ಗುಡಿ, ರೂವಿ ಮತ್ತು ಘಾಲಾದಲ್ಲಿ ಚರ್ಚುಗಳು. ಮಸೀದಿ ಅಂತೂ ಬೀದಿಗೊಂದು. ನಮ್ಮ ಮಂಗಳೂರು ಕಡೆಯ ಮೂರೂ ಧರ್ಮದವರಿಗೆ ಈ ಊರಲ್ಲಿ ಹಬ್ಬ ತಪ್ಪಿದ್ದು ನಾನು ಕಂಡಿಲ್ಲ.

ನೋಡಲು ಮೊದಲು ಕರೆದುಕೊಂಡು ಹೋಗಬೇಕಾದ್ದು ಸುಲ್ತಾನ್ ಕಾಬೂಸ್ ದೊಡ್ಡ ಮಸೀದಿ. 2001ರಲ್ಲಿ ತೆರೆದದ್ದು. ಮುಸ್ಲಿಮರಲ್ಲದವರಿಗೆ ಶನಿವಾರದಿಂದ ಗುರುವಾರ ಬೆಳಿಗ್ಗೆ 8ರಿಂದ 11ರವರೆಗೆ ಪ್ರವೇಶ, ಶುಕ್ರವಾರ ಇಲ್ಲ. ನಮಗೆ ರಜೆ ಶುಕ್ರವಾರ ಅಂತ ಅಂದೇ ಹೋಗಿ ಗೇಟಿನಿಂದ ವಾಪಸ್ ಬಂದ ಕುಟುಂಬಗಳನ್ನು ನಾನೇ ನೋಡಿದ್ದೇನೆ. ಹೆಂಗಸರು ತಲೆಗೂದಲು, ಮಣಿಕಟ್ಟಿನವರೆಗೆ ಕೈ, ಹಿಮ್ಮಡಿಗಂಟಿನವರೆಗೆ ಕಾಲು ಮುಚ್ಚಬೇಕು. ಸೀರೆ ಉಡುವ ಅಮ್ಮನಿಗೆ ಇದೇ ತೊಡಕು, ಸೊಂಟ ಮತ್ತು ಮೊಳಕೈ ಕಾಣುತ್ತದೆ. ಉದ್ದ ತೋಳಿನ ಚೂಡಿದಾರ್ ಮತ್ತು ದೊಡ್ಡ ಶಾಲು ಊರಿಂದಲೇ ತರಲು ಹೇಳಿ. ಗಂಡಸರಿಗೂ ಬರ್ಮುಡಾ ನಡೆಯುವುದಿಲ್ಲ. ಒಳಗಿನ ಕಾರ್ಪೆಟ್ 21 ಟನ್ ತೂಕದ್ದು, ಇರಾನ್‌ನಲ್ಲಿ ನೇಯ್ದದ್ದು, ನಾಲ್ಕು ವರ್ಷ ಹಿಡಿಯಿತಂತೆ. ಹೊರಗಿನ ಮರಳುಗಲ್ಲು ಭಾರತದಿಂದ ಬಂದದ್ದು, ಮೂರು ಲಕ್ಷ ಟನ್. ಇದನ್ನು ಹೇಳಿದರೆ ಅಮ್ಮ ಗೋಡೆ ಮುಟ್ಟಿ ನೋಡಿದರು.

ಮತ್ರಾ ಸೂಕ್‌ಗೆ ಸಂಜೆ ಹೋಗಿ, ಮಧ್ಯಾಹ್ನ ಅಂಗಡಿ ಮುಚ್ಚಿರುತ್ತದೆ. ಚೌಕಾಸಿ ಮಾಡಬಹುದು, ಇದರಲ್ಲಿ ನಮ್ಮ ಅಮ್ಮಂದಿರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಪ್ರತಿ ಬೆಲೆಯನ್ನೂ ರೂಪಾಯಿಗೆ ತಿರುಗಿಸಿ ಎದೆ ಬಡಿದುಕೊಳ್ಳುತ್ತಾರೆ. ಆಗ ನಾನು ಹಳೇ ಕಥೆ ಹೇಳುತ್ತೇನೆ. 1970ರ ತನಕ ಇಲ್ಲಿ ನಡೆಯುತ್ತಿದ್ದದ್ದು ರೂಪಾಯಿಯೇ, 1959ರಿಂದ ರಿಸರ್ವ್ ಬ್ಯಾಂಕ್ ಗಲ್ಫ್‌ಗೆಂದೇ ಬೇರೆ ನೋಟು ಅಚ್ಚು ಹಾಕುತ್ತಿತ್ತು. ಅದಕ್ಕೂ ಹಿಂದೆ ಟಿಪ್ಪು ಕಾಲದಲ್ಲಿ ಮಂಗಳೂರಿನ ಅಕ್ಕಿ ಹಡಗಿನಲ್ಲಿ ಮಸ್ಕತ್‌ಗೆ ಬರುತ್ತಿತ್ತು, ಟಿಪ್ಪುವಿನ ವ್ಯಾಪಾರದ ಕೋಠಿಯೇ ಇಲ್ಲಿತ್ತು. ನಾವೇನೂ ಮೊದಲನೆಯವರಲ್ಲ.

ಒಮಾನಿಗಳು ನಿಧಾನದ ಜನ, ಕೂಗಾಡುವುದು ಅವರಿಗೆ ಇಷ್ಟವಿಲ್ಲ. ಪರಿಚಯದವರು ಮನೆಗೆ ಕರೆದರೆ ಹೋಗಿ. ಮೊದಲು ಖರ್ಜೂರ, ಆಮೇಲೆ ಏಲಕ್ಕಿ ಹಾಕಿದ ಕಹ್ವಾ. ಬಲಗೈಯಲ್ಲೇ ತೆಗೆದುಕೊಳ್ಳಬೇಕು, ಇದು ನಮಗೂ ಹೊಸದಲ್ಲ. ಲೋಟ ಖಾಲಿಯಾದ ಹಾಗೆ ಸುರಿಯುತ್ತಲೇ ಇರುತ್ತಾರೆ. ಸಾಕು ಅನ್ನಲು ಆ ಪುಟ್ಟ ಬಟ್ಟಲನ್ನು ಸ್ವಲ್ಪ ಅಲ್ಲಾಡಿಸಿ ಕೊಡಬೇಕು. ಇದು ಗೊತ್ತಿಲ್ಲದೆ ನನ್ನ ಮಾವ ಮರ್ಯಾದೆಗೆ ಏಳು ಬಟ್ಟಲು ಕುಡಿದು ರಾತ್ರಿಯೆಲ್ಲಾ ಎದ್ದು ಕೂತಿದ್ದರು. ಹೆಂಗಸರ ಫೋಟೋ ತೆಗೆಯಬೇಡಿ, ಪೊಲೀಸ್, ಮಿಲಿಟರಿ ಕಟ್ಟಡಗಳದ್ದೂ ಬೇಡ.

ಬೇಸಿಗೆಯಲ್ಲೇ ಕರೆಸಬೇಕಾಗಿ ಬಂದರೆ ಸಲಾಲಾ ಒಂದೇ ದಾರಿ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಖರೀಫ್, ಅಂದರೆ ಜಿಟಿಜಿಟಿ ಮಳೆ, ಮಂಜು, ಹಸಿರು. ತೆಂಗು, ಬಾಳೆ, ವೀಳ್ಯದೆಲೆ ತೋಟ, ರಸ್ತೆ ಬದಿ ಎಳನೀರು. ಊರವರಿಗೆ ಇದನ್ನು ತೋರಿಸಲು ಮಸ್ಕತ್‌ನಿಂದ ಸಾವಿರ ಕಿಲೋಮೀಟರ್ ಬರಬೇಕಿತ್ತಾ ಅನ್ನಿಸಬಹುದು, ಆದರೆ ಮರುಭೂಮಿಯ ನಂತರ ಅದನ್ನು ನೋಡುವ ಖುಷಿಯೇ ಬೇರೆ. ವಯಸ್ಸಾದವರನ್ನು ಕಾರಲ್ಲಿ ಹತ್ತು-ಹನ್ನೆರಡು ಗಂಟೆ ಕೂರಿಸಬೇಡಿ, ವಿಮಾನ ಇದೆ.

ಸಲಾಲಾಕ್ಕೆ ಹೋದವರೆಲ್ಲ ಮುಗ್ಸೈಲ್‌ಗೆ ಹೋಗುತ್ತಾರೆ, ಬಂಡೆಯ ತೂತಿನಿಂದ ಸಮುದ್ರದ ನೀರು ಕಾರಂಜಿಯ ಹಾಗೆ ಚಿಮ್ಮುವ ಜಾಗ. ಜುಲೈ 2022ರಲ್ಲಿ ಅಲ್ಲಿ ಭಾರತೀಯ ಕುಟುಂಬವೊಂದರ ಎಂಟು ಜನರನ್ನು ಅಲೆ ಎಳೆದುಕೊಂಡಿತು. ಮೂವರನ್ನು ಎಳೆದು ತಂದರು, ಐವರು ಉಳಿಯಲಿಲ್ಲ, ಅದರಲ್ಲಿ ಮಕ್ಕಳೂ ಇದ್ದರು. ತಡೆಬೇಲಿ ದಾಟಿ ಮುಂದೆ ಹೋಗಿದ್ದರು. ಆ ವಿಡಿಯೋ ನಮ್ಮೆಲ್ಲರ ಫೋನಿಗೂ ಬಂದಿತ್ತು. ಕರಾವಳಿಯಲ್ಲಿ ಹುಟ್ಟಿದ ನಮಗೆ ಸಮುದ್ರ ಗೊತ್ತು ಅನ್ನುವ ಧೈರ್ಯ ಇರುತ್ತದೆ. ನಮಗೆ ಗೊತ್ತಿರುವುದು ಮರಳಿನ ಸಮುದ್ರ, ಮಳೆಗಾಲದಲ್ಲಿ ಬಂಡೆಗೆ ಬಡಿಯುವ ಈ ಅಲೆ ಬೇರೆ. ಬೇಲಿಯ ಈಚೆಯಿಂದಲೂ ಫೋಟೋ ಚೆನ್ನಾಗಿಯೇ ಬರುತ್ತದೆ.

ವಾದಿಗಳದ್ದೂ ಹೀಗೇ. ವಾದಿ ಅಂದರೆ ಒಣಗಿದ ಹೊಳೆಪಾತ್ರ. ಮಳೆ ನೀವು ನಿಂತಲ್ಲಿ ಬೀಳಬೇಕಾಗಿಲ್ಲ, ಎಲ್ಲೋ ಗುಡ್ಡದಲ್ಲಿ ಬಿದ್ದರೂ ಕೆಳಗೆ ಕ್ಷಣದಲ್ಲಿ ನೀರು ನುಗ್ಗುತ್ತದೆ. 2024ರ ಏಪ್ರಿಲ್‌ನಲ್ಲಿ ಸಮದ್ ಅಲ್ ಶಾನ್‌ನಲ್ಲಿ ಶಾಲೆಯ ಮಕ್ಕಳು ಹಾಗೆಯೇ ಕೊಚ್ಚಿಹೋದರು. ನೀರು ಹರಿಯುತ್ತಿರುವ ವಾದಿಗೆ ಗಾಡಿ ಇಳಿಸುವುದು ಕಾನೂನಿನಲ್ಲೂ ಅಪರಾಧ. ತುರ್ತಿಗೆ ಪೊಲೀಸ್ ನಂಬರ್ 9999, ಅಮ್ಮನ ಫೋನಿನಲ್ಲೂ ಹಾಕಿಡಿ.

ಬಂಗಾರದ ವಿಷಯ ಕೊನೆಗೆ ಬಂದರೂ ಜನ ಮೊದಲು ಕೇಳುವುದು ಅದನ್ನೇ. ಗಂಡಸರಿಗೆ 20 ಗ್ರಾಂ, ಹೆಂಗಸರಿಗೆ 40 ಗ್ರಾಂ ಒಡವೆ ಸುಂಕವಿಲ್ಲದೆ ಒಯ್ಯಬಹುದು ಅಂತ ಎಲ್ಲರ ಬಾಯಲ್ಲೂ ಇದೆ. ಆ ರಿಯಾಯಿತಿ ಒಂದು ವರ್ಷಕ್ಕಿಂತ ಹೆಚ್ಚು ಹೊರದೇಶದಲ್ಲಿ ಇದ್ದವರಿಗೆ. ಒಂದು ತಿಂಗಳು ಇದ್ದು ಹೋಗುವ ಅಮ್ಮನಿಗೆ ಅದು ಸಿಗುವುದಿಲ್ಲ. ಸರ ಮಾಡಿಸಿ ಅಮ್ಮನ ಕುತ್ತಿಗೆಗೆ ಹಾಕಿ ಕಳಿಸುವ ಉಪಾಯ ಬಿಡಿ, ಬಿಲ್ಲು ಸಮೇತ ಡಿಕ್ಲೇರ್ ಮಾಡಿಸಿ. ಊರಿಂದ ಬರುವಾಗಲೇ ಮೈಮೇಲೆ ಹೆಚ್ಚು ಒಡವೆ ಇದ್ದರೆ, ಹೊರಡುವ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ತೋರಿಸಿ ಸರ್ಟಿಫಿಕೇಟ್ ಮಾಡಿಸಿಕೊಳ್ಳಬಹುದು. ವಾಪಸ್ ಹೋಗುವಾಗ ಇದು ನನ್ನದೇ ಹಳೇ ಬಳೆ ಅಂತ ಹೇಳಲು ಅದೇ ಕಾಗದ.

ಟ್ರಾವೆಲ್ ಇನ್ಶೂರೆನ್ಸ್ ಮಾಡಿಸುವಾಗ ಶುಗರ್, ಬಿ.ಪಿ., ಹಾರ್ಟ್ ಏನಿದ್ದರೂ ಮುಚ್ಚಿಡದೆ ಬರೆಸಿ. ಇಲ್ಲಿ ಖಾಸಗಿ ಆಸ್ಪತ್ರೆಯಲ್ಲಿ ಒಂದು ರಾತ್ರಿ ಅಡ್ಮಿಟ್ ಆದರೆ ಬಿಲ್ಲು ನಿಮ್ಮ ಒಂದು ತಿಂಗಳ ಸಂಬಳ ತಿನ್ನಬಹುದು. ಹಳೇ ಕಾಯಿಲೆ ಮುಚ್ಚಿಟ್ಟಿದ್ದರೆ ಇನ್ಶೂರೆನ್ಸ್‌ನವರು ಕೈಯೆತ್ತುತ್ತಾರೆ.

ಇಂಗ್ಲಿಷ್ ಬಾರದ ಅಮ್ಮ ಒಬ್ಬರೇ ಬರುವುದಾದರೆ ಒಂದು ಹಾಳೆಯಲ್ಲಿ ನಿಮ್ಮ ಹೆಸರು, ಮನೆ ವಿಳಾಸ, ಫೋನ್, ವಾಪಸ್ ಹೋಗುವ ತಾರೀಕು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಬರೆದು ವೀಸಾ ಪ್ರತಿಯ ಜೊತೆ ಪರ್ಸಿನಲ್ಲಿ ಇಡಿಸಿ. ಇಮಿಗ್ರೇಷನ್‌ನಲ್ಲಿ ಏನು ಕೇಳಿದರೂ ಅದನ್ನೇ ತೋರಿಸಲಿ. ವೀಲ್‌ಚೇರ್ ಬೇಕಾದರೆ ಟಿಕೆಟ್ ಮಾಡುವಾಗಲೇ ಹೇಳಿ, ವಿಮಾನ ನಿಲ್ದಾಣಕ್ಕೆ ಬಂದ ಮೇಲೆ ಅಲ್ಲ.