ಹಡಗಿನ ಮೇಲೆ ಗೊಂಬೆ ಕೂರಿಸುವವರು

“ಅಕ್ಕಾ, ಮೇಜಿಗೆ ಒರಗಬೇಡ, ಎಲ್ಲಾ ಉರುಳುತ್ವೆ” ಅಂದ ಚಿಕ್ಕಪ್ಪನ ಮಗ. ಅವನ ಕೈಯಲ್ಲೊಂದು ಚಿಮಟ. ಅದರ ತುದಿಯಲ್ಲಿ ಹೆಬ್ಬೆರಳಿನ ಅರ್ಧದಷ್ಟು ಎತ್ತರದ ನಾವಿಕ: ತಲೆಗೆ ಕೆಂಪು ವಸ್ತ್ರ, ಬರಿಗಾಲು, ಕೈಯಲ್ಲಿ ಫಿರಂಗಿಗೆ ಮದ್ದು ಗಿಡಿಯುವ ಕೋಲು. ಕೂವೆಮರದಿಂದ ಇಳಿಬಿಟ್ಟ ಹಗ್ಗಗಳಿಗೆ ತಾಗದ ಹಾಗೆ ಅವನನ್ನು ಹಡಗಿನ ಡೆಕ್ ಮೇಲೆ ಇಳಿಸಬೇಕು. ನಾನು ಉಸಿರು ಬಿಗಿಹಿಡಿದು ನಿಂತೆ. ಊರಿನಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವಾಗ ಅಜ್ಜಿಯ ಪಕ್ಕ ಹೀಗೇ ನಿಂತಿರುತ್ತಿದ್ದೆ.

ಇದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್. ಗೇಮ್ಸ್ ವರ್ಕ್‌ಶಾಪ್, ವಾರ್ಲಾರ್ಡ್ ಗೇಮ್ಸ್ ಮುಂತಾದ ಕಂಪನಿಗಳು ಇಲ್ಲೇ ಬೇರುಬಿಟ್ಟಿವೆ. ಗೊಂಬೆ ಸೈನಿಕರನ್ನು ಸೀಸದಲ್ಲಿ ಎರಕ ಹೊಯ್ಯುತ್ತಿದ್ದ ಕಾಲದ ನೆನಪಿಗೆ ಹವ್ಯಾಸಿಗಳು ಈ ಸೀಮೆಯನ್ನು ‘ಲೆಡ್ ಬೆಲ್ಟ್’ ಅನ್ನುತ್ತಾರೆ. ಮೇಜಿನ ಮೇಲೆ ಪುಟ್ಟ ಸೈನ್ಯ ಹೂಡಿ, ದಾಳ ಉರುಳಿಸಿ, ಅಳತೆಪಟ್ಟಿ ಹಿಡಿದು ಕಾದಾಡುವ ಆಟಗಳ ಊರು ಇದು.

ಆಟ ಹಳೆಯದು. ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲೇ ಆಟಿಕೆ ಸಿಪಾಯಿಗಳ ಯುದ್ಧಕ್ಕೆ ನಿಯಮ ಬರೆದು ‘ಲಿಟಲ್ ವಾರ್ಸ್’ ಪುಸ್ತಕ ತಂದ. ಅದಕ್ಕೂ ಮೊದಲು, 1898ರಲ್ಲಿ, ಫ್ರೆಡ್ ಜೇನ್ ಎಂಬಾತ ಪುಟ್ಟ ಯುದ್ಧನೌಕೆಗಳ ಆಟ ರೂಪಿಸಿದ್ದ. ಆದರೆ ಅಂಥ ಹಡಗುಗಳಲ್ಲಿ ಮನುಷ್ಯರಿರಲಿಲ್ಲ. ಇರುವುದಕ್ಕೆ ಸಾಧ್ಯವೂ ಇರಲಿಲ್ಲ. ನಿಜದ ಹಡಗನ್ನು 700 ಪಾಲು ಕುಗ್ಗಿಸಿದರೆ ಆಳೆತ್ತರದ ಮನುಷ್ಯ ಎರಡೂವರೆ ಮಿಲಿಮೀಟರಿಗೆ ಇಳಿಯುತ್ತಾನೆ, ಸಾಸಿವೆ ಕಾಳಿನಷ್ಟು. ಮುಖ ಕಾಣಬೇಕು, ಕೈಯಲ್ಲಿರುವುದು ಕತ್ತಿಯೋ ಕೊಡಲಿಯೋ ಗೊತ್ತಾಗಬೇಕು ಅಂದರೆ 28 ಮಿ.ಮೀ. ಗೊಂಬೆಯೇ ಬೇಕು. ಅದು ಸುಮಾರು 56ಕ್ಕೆ 1ರ ಅಳತೆ.

ಪೇಚಾಟ ಶುರುವಾಗುವುದು ಇಲ್ಲಿಂದ. ಈ ಅಳತೆಯಲ್ಲಿ ಬ್ರಿಟಿಷ್ ನೌಕಾಧಿಪತಿ ನೆಲ್ಸನ್ನನ ಯುದ್ಧನೌಕೆ ‘ವಿಕ್ಟರಿ’ ಮಾಡಲು ಹೊರಟರೆ ಮೂತಿಮರ ಸೇರಿ ಒಂದು ಮೀಟರಿಗೂ ಮಿಕ್ಕಿದ ಹಡಗಾಗುತ್ತದೆ. 1805ರ ಟ್ರಫಾಲ್ಗರ್ ಕಾಳಗದ ದಿನ ಅದರಲ್ಲಿದ್ದವರು 821 ಮಂದಿ. ಒಂದು ಗೊಂಬೆಗೆ ಬಣ್ಣ ಹಚ್ಚಲು ಒಂದೇ ಗಂಟೆ ಅಂದುಕೊಂಡರೂ 821 ಗಂಟೆ! ಹಾಗಾಗಿ ಈ ಹವ್ಯಾಸದ ಬಹಳಷ್ಟು ಮಂದಿ ಕೆರಿಬಿಯನ್ ಕಡಲ್ಗಳ್ಳರ ಕಾಲದ ಸಣ್ಣ ಹಡಗುಗಳ ಕಡೆ ವಾಲುತ್ತಾರೆ. ಅಮೆರಿಕದ ಫೈರ್‌ಲಾಕ್ ಗೇಮ್ಸ್‌ನವರ ‘ಬ್ಲಡ್ ಅಂಡ್ ಪ್ಲಂಡರ್’ ಅಂಥದೊಂದು ಆಟ. ಅದೇ ಗೊಂಬೆ ದಡದಲ್ಲೂ ಕಾದುತ್ತದೆ, ಹಡಗಿನಲ್ಲೂ ಕಾದುತ್ತದೆ.

ತಮ್ಮನ ಒಂಟಿ ಕೂವೆಮರದ ಸ್ಲೂಪ್ 32 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ. ಗೊಂಬೆ ನಿಲ್ಲುವ ದುಂಡು ಬಿಲ್ಲೆ 25 ಮಿ.ಮೀ. ಹಡಗಿನ ಲೆಕ್ಕದಲ್ಲಿ ಅದು ಒಂದು ಮೀಟರಿಗೂ ಹೆಚ್ಚು ಅಗಲದ ಜಾಗ. ಮನುಷ್ಯನಿಗಿಂತ ಅವನ ಬಿಲ್ಲೆಯೇ ಜಾಗ ನುಂಗುತ್ತದೆ. ಮೂತಿಯ ಚೂಪು, ಕೂವೆಮರದ ಬುಡ, ಉಗ್ರಾಣದ ಬಾಗಿಲು, ನಾಲ್ಕು ಫಿರಂಗಿ ಇಷ್ಟನ್ನೂ ಕಳೆದರೆ ಮೂವತ್ತು ಜನ ನಿಲ್ಲುವುದೇ ಕಷ್ಟ. ನಿಜದ ಕಡಲ್ಗಳ್ಳರ ಸ್ಲೂಪಿನಲ್ಲಿ ನೂರು ದಾಟಿದ್ದುಂಟು.

ಬಿಲ್ಲೆಯನ್ನೇ ಕಿತ್ತು ಗೊಂಬೆಯನ್ನು ಅಂಟಿಸಿಬಿಟ್ಟರೆ? ಮ್ಯೂಸಿಯಮ್ಮಿನ ಹಡಗಿಗೆ ಅದು ಸರಿ, ಆಟದ ಹಡಗಿಗೆ ಸಲ್ಲದು. ಆಟದಲ್ಲಿ ನಾವಿಕ ಸಾಯುತ್ತಾನೆ, ಎತ್ತಿಡಬೇಕು. ಪಕ್ಕದ ಹಡಗಿಗೆ ಹಾರುತ್ತಾನೆ, ಎತ್ತಿ ಅಲ್ಲಿಡಬೇಕು. ಗಟ್ಟಿಯಾಗಿ ನಿಲ್ಲಲೂಬೇಕು, ಬೆರಳಿಗೆ ಥಟ್ಟನೆ ಬಿಟ್ಟುಬರಲೂಬೇಕು. ಈ ಕಸುಬಿನ ಜಾಣ್ಮೆಯೆಲ್ಲ ಅಲ್ಲಿದೆ.

ತಮ್ಮ ಮೊದಲು ಹಿಡಿದದ್ದು ಮೊಳೆಯ ದಾರಿ. ಕೈ ಡ್ರಿಲ್ಲಿನಿಂದ ಗೊಂಬೆಯ ಹಿಮ್ಮಡಿಗೆ ತೂತು ಕೊರೆದು 1 ಮಿ.ಮೀ. ಹಿತ್ತಾಳೆ ತಂತಿ ಸಿಕ್ಕಿಸಿ, ಡೆಕ್ಕಿಗೂ ಅಂಥದೇ ತೂತುಗಳನ್ನು ಕೊರೆದ. ನಾವಿಕರು ನಿಜಕ್ಕೂ ಹಲಗೆಯ ಮೇಲೆ ಪಾದ ಊರಿ ನಿಂತಂತೆ ಕಂಡರು. ಕಣ್ಣಿಗೆ ಇದಕ್ಕಿಂತ ಚೆಂದ ಬೇರಿಲ್ಲ. ಆದರೆ ದಡಕ್ಕಿಳಿದರೆ ಅವರಿಗೆ ನಿಲ್ಲಲು ನೆಲೆಯಿಲ್ಲ. ಒಂದು ದಿನ ಹಡಗು ವಾಲಿದಾಗ ಹನ್ನೊಂದು ಜನ ಒಟ್ಟಿಗೆ ನೆಲಕ್ಕೆ ಬಿದ್ದು, ತಂತಿಗಳೆಲ್ಲ ಬಾಗಿದವಂತೆ. ಈಗ ಅವನು ಅಯಸ್ಕಾಂತಕ್ಕೆ ಬಂದಿದ್ದಾನೆ. 20 ಮಿ.ಮೀ.ನ ಚಿಕ್ಕ ಬಿಲ್ಲೆ, ಅದರ ಅಡಿಗೆ ಚುಕ್ಕಿಯಷ್ಟು ಅಯಸ್ಕಾಂತ, ಡೆಕ್ಕಿನ ಮೇಲೆ ಬಣ್ಣ ಬಳಿದ ತೆಳು ಕಬ್ಬಿಣದ ತಗಡು. ಬಿಲ್ಲೆಗೆ ಕಾಫಿ ಕಲಕುವ ಮರದ ಕಡ್ಡಿಯನ್ನು ಸೀಳಿ ಹಲಗೆಯಂತೆ ಹೊಂದಿಸಿ ಕಂದು ಬಣ್ಣ ಹಚ್ಚುತ್ತಾನೆ. ಕೆಲವರು ಪಾರದರ್ಶಕ ಅಕ್ರಿಲಿಕ್ ಬಿಲ್ಲೆ ಬಳಸುತ್ತಾರೆ. ಅದು ಹಡಗಿಗೂ ಮರಳಿಗೂ ಒಗ್ಗುತ್ತದೆ, ಆದರೆ ಬೆಳಕು ಬಿದ್ದಾಗ ಮಿನುಗುವುದು ನನಗೆ ಹಿಡಿಸಲಿಲ್ಲ.

ಇಷ್ಟು ಪಾಡು ಯಾಕೆ ಪಡಬೇಕು ಅನ್ನುವುದು ಆಟ ನೋಡುವಾಗ ಅರ್ಥವಾಯಿತು. ಆಳುಗಳು ಕಡಿಮೆಯಾದಂತೆ ಹಡಗು ಕೈಲಾಗದ್ದಾಗುತ್ತದೆ. ಎಂಟು ಜನ ಉಳಿದರೆ ಹಾಯಿ ನೋಡಿಕೊಳ್ಳಬೇಕು, ಇಲ್ಲವೇ ಫಿರಂಗಿ ತುಂಬಬೇಕು. ಎರಡೂ ಆಗದು. ಚರಿತ್ರೆಯಲ್ಲೂ ಹೀಗೇ ಆಗಿದೆ. 1717ರ ನವೆಂಬರಿನಲ್ಲಿ ‘ಲಾ ಕಾಂಕಾರ್ಡ್’ ಎಂಬ ಫ್ರೆಂಚ್ ಹಡಗಿಗೆ ಕಡಲ್ಗಳ್ಳ ‘ಬ್ಲ್ಯಾಕ್‌ಬಿಯರ್ಡ್’ ಎಡ್ವರ್ಡ್ ಟೀಚ್ ಎರಡು ಸ್ಲೂಪುಗಳೊಡನೆ ಎದುರಾದ. ಒಂದರಲ್ಲಿ 120 ಜನ, ಇನ್ನೊಂದರಲ್ಲಿ 30. ಫ್ರೆಂಚರಲ್ಲಿ ಹೊರಟವರು 75. ದಾರಿಯಲ್ಲಿ 16 ಜನ ಸತ್ತಿದ್ದರು, 36 ಜನ ಸ್ಕರ್ವಿ, ರಕ್ತಭೇದಿಯಿಂದ ಮಲಗಿದ್ದರು. ಅದು ಶರಣಾಯಿತು. ಮುಂದೆ ಅದೇ ಅವನ ‘ಕ್ವೀನ್ ಆನ್ಸ್ ರಿವೆಂಜ್’ ಆಯಿತು, 1718ರಲ್ಲಿ ಉತ್ತರ ಕೆರೊಲಿನಾದ ಮರಳದಿಬ್ಬಕ್ಕೆ ಬಡಿಯಿತು. ಅವಶೇಷ ಸಿಕ್ಕಿದ್ದು 1996ರಲ್ಲಿ.

ಒಂದು ಮಾತು ಹೇಳದೆ ಇರಲಾರೆ. ಲಾ ಕಾಂಕಾರ್ಡ್ ಗುಲಾಮರನ್ನು ಸಾಗಿಸುತ್ತಿದ್ದ ಹಡಗು. ಅದರ ಹೊಟ್ಟೆಯಲ್ಲಿ ಆಫ್ರಿಕಾದಿಂದ ಹಿಡಿದು ತಂದ ನೂರಾರು ಜನರಿದ್ದರು. ಮೇಜಿನ ಮೇಲಿನ ಹಡಗಿಗೆ ಹೊಟ್ಟೆಯಿಲ್ಲ, ಡೆಕ್ಕಿನ ಕೆಳಗೆ ಬರೀ ಗಟ್ಟಿ ರೆಸಿನ್. ಈ ಆಟ ಕಲಿಸುವವರು ಮಕ್ಕಳಿಗೆ ಆ ಕಥೆಯನ್ನೂ ಹೇಳಬೇಕು. ತಮ್ಮ ತನ್ನ ಮಗಳಿಗೆ ಹೇಳಿದ್ದಾನೆ.

ಆ ಸಂಜೆ ಕೊನೆಗೆ ಉಳಿದದ್ದು ಚುಕ್ಕಾಣಿಯವನು. ಅವನ ಎರಡೂ ಕೈ ಚುಕ್ಕಾಣಿಯ ಹಿಡಿಗೆ ಸರಿಯಾಗಿ ಕೂರಬೇಕು, ಬಿಲ್ಲೆ ಹಿಂದಿನ ಕಟಕಟೆಗೆ ತಾಗಬಾರದು. ತಮ್ಮ ಚಿಮಟ ನನ್ನ ಕೈಗೆ ಕೊಟ್ಟ. ಎರಡು ಸಲ ಹಗ್ಗಕ್ಕೆ ತಗುಲಿ ಹಿಂದೆಗೆದೆ. ಮೂರನೆಯ ಸಲ ಅಡಿಯಲ್ಲಿ ‘ಟಕ್’ ಎಂದು ಅಯಸ್ಕಾಂತ ಕಚ್ಚಿಕೊಂಡಿತು. ಎದುರು ಕೂತಿದ್ದ ಅವನ ಮಗಳು ಆಗಲೇ ದಾಳ ಕೈಗೆತ್ತಿಕೊಂಡಿದ್ದಳು.